ಪದಚರ್ಚೆ: ಮಾನಿಟರಿನ ‘ಸ್ಪಷ್ಟತೆ’, ‘ಹೊಳಪು’, ‘ಕನ್ವರ್ಟರ್’ – ಕೊಳ್ಳುವವರ ಕೈಗೆ ಯಾವ ಪದ ಕೊಡುವುದು?

ಪ್ರಶ್ನೆ (ಬದಿಯಡ್ಕದಿಂದ)

ಮಾನ್ಯರೇ,

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ವಾಚನಾಲಯಗಳಲ್ಲಿ ಹಂಚಲು ಒಂದು ಪುಟದ ಸೂಚನೆ ತಯಾರಾಗುತ್ತಿದೆ. ಹತ್ತು ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪಿಗೆ ಹೊಸ ಮಾನಿಟರ್ ಆರಿಸುವುದು ಹೇಗೆ ಎಂಬುದು ವಿಷಯ. ಇಂಥ ಕಂಪ್ಯೂಟರುಗಳ ಜೊತೆಗಿರುವುದು ಹೆಚ್ಚಾಗಿ 17 ಇಂಚಿನ ‘ಸ್ಕ್ವೇರ್’ ಮಾನಿಟರ್, ಹಿಂದೆ ನೀಲಿ ಬಣ್ಣದ ವಿಜಿಎ ಪೋರ್ಟ್ (ಮಾನಿಟರಿನ ಕೇಬಲ್ ಸಿಕ್ಕಿಸುವ ಜಾಗ). ಕರಡಿನ ಕೆಲವು ವಾಕ್ಯಗಳಲ್ಲಿ ಪದಗಳ ಬಗ್ಗೆ ಸಂದೇಹ ಬಂದಿದೆ:

“ಹೆಚ್ಚು ಸ್ಪಷ್ಟತೆ ಇರುವ ಮಾನಿಟರನ್ನೇ ಕೊಳ್ಳಿ.”
“24 ಇಂಚು ಅಗಲದ್ದು ಸಾಕು.”
“ಹೊಳಪು ಕಡಿಮೆ ಇರುವ ಪರದೆ ಕಣ್ಣಿಗೆ ಹಿತ.”
“ಪುನಶ್ಚೇತನ ದರ 60 ಇದ್ದರೆ ಸಾಕು.”
“ಪೋರ್ಟ್ ಬೇರೆಯಾದರೆ ವಿಜಿಎ–ಎಚ್‌ಡಿಎಂಐ ಕನ್ವರ್ಟರ್ ಹಾಕಿ.”

ಮೊದಲನೆಯದರಲ್ಲಿ ಹೇಳಹೊರಟದ್ದು ರೆಸಲ್ಯೂಶನ್. ನಾಲ್ಕನೆಯದರಲ್ಲಿ ರಿಫ್ರೆಶ್ ರೇಟ್. ಐದನೆಯದರ ಎಚ್‌ಡಿಎಂಐ ಈಗಿನ ಮಾನಿಟರುಗಳಲ್ಲಿರುವ ಪೋರ್ಟ್. ಪುಟದ ಹಿಂಬದಿಯ ಮಲಯಾಳ ಪಾಠದಲ್ಲಿ ಇಂಗ್ಲಿಷ್ ಪದಗಳನ್ನೇ ಇಟ್ಟಿದ್ದಾರೆ. ಕನ್ನಡದಲ್ಲೂ ಹಾಗೆಯೇ ಬಿಡುವುದೋ, ಕನ್ನಡ ಮಾಡುವುದೋ?

ಉತ್ತರ 1 (ಕುಂಬಳೆಯಿಂದ)

ನಮಸ್ಕಾರ. ಓದುಗ ಈ ಪುಟವನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗುತ್ತಾನೆ. ಅಲ್ಲಿ ಮಾನಿಟರಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ರೆಸಲ್ಯೂಶನ್, ಹರ್ಟ್ಸ್, ಎಚ್‌ಡಿಎಂಐ. ಹಾಗಾಗಿ ಪೆಟ್ಟಿಗೆಯ ಮೇಲಿರುವ ಪದವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಡಿ. ಅದು ಏನು ಎಂಬುದನ್ನು ಮಾತ್ರ ಬಿಡಿಸಿದ ಕನ್ನಡದಲ್ಲಿ ಹೇಳಿ. ‘ಪುನಶ್ಚೇತನ ದರ’ ಎಂದರೆ ಶಿಕ್ಷಕರ ತರಬೇತಿ ಶಿಬಿರದ ಶುಲ್ಕ ಎಂದುಕೊಂಡಾರು!

‘ಸ್ಪಷ್ಟತೆ’ಯನ್ನು ಮೊದಲು ತೆಗೆಯಿರಿ. ಅದು ಗುಣ, ರೆಸಲ್ಯೂಶನ್ ಎಣಿಕೆ. ಅಡ್ಡಕ್ಕೆ ಎಷ್ಟು ಚುಕ್ಕಿ, ಉದ್ದಕ್ಕೆ ಎಷ್ಟು ಚುಕ್ಕಿ ಎಂಬ ಲೆಕ್ಕ ಅಷ್ಟೇ. 1920×1080 ಚುಕ್ಕಿಗಳು 21.5 ಇಂಚಿನಲ್ಲೂ ಉಂಟು, 27 ಇಂಚಿನಲ್ಲೂ ಉಂಟು. ಮೊದಲನೆಯದರಲ್ಲಿ ಇಂಚಿಗೆ ಸುಮಾರು 102 ಚುಕ್ಕಿ, 24 ಇಂಚಿನ ಹೆಸರಿನಲ್ಲಿ ಮಾರುವ 23.8ರಲ್ಲಿ ಸುಮಾರು 93, 27ರಲ್ಲಿ ಬರೀ 82. ರೆಸಲ್ಯೂಶನ್ ಒಂದೇ ಆದರೂ ಅಕ್ಷರದ ಅಂಚು ಒಂದೇ ಥರ ಕಾಣುವುದಿಲ್ಲ. ಹಳೆಯ 17 ಇಂಚಿನ ಸ್ಕ್ವೇರ್ ಮಾನಿಟರಿನ 1280×1024ರಲ್ಲಿ ಇಂಚಿಗೆ 96 ಚುಕ್ಕಿ ಇತ್ತು. ಅದಕ್ಕೆ ಒಗ್ಗಿದ ಕಣ್ಣಿಗೆ 24 ಇಂಚಿನದು ಹೊಂದುತ್ತದೆ. ಅಕ್ಷರ ಹೆಚ್ಚುಕಡಿಮೆ ಹಳೆಯ ಅಳತೆಯಲ್ಲೇ ಕಾಣುತ್ತದೆ. 21.5ರಲ್ಲಿ ತುಸು ಸಣ್ಣದು. ವಯಸ್ಸಾದವರು ಪತ್ರಿಕೆ ಓದಲು ಕೂರುವ ಜಾಗವಾದರೆ 27 ಇಂಚು ಕೊಳ್ಳಿ, ಅಂಚು ಒರಟಾದರೂ ಅಕ್ಷರ ದೊಡ್ಡದು.

ಕನ್ನಡಕ್ಕೆ ಇದು ಇಂಗ್ಲಿಷಿಗಿಂತ ಹೆಚ್ಚು ಮುಖ್ಯ. ದ–ಧ, ಡ–ಢ, ಪ–ಫ, ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು. ಪ–ಷ ನಡುವಿನದು ಹೊಟ್ಟೆಯೊಳಗಿನ ಒಂದು ಗೆರೆ. ಸಣ್ಣ ಅಕ್ಷರದಲ್ಲಿ ಆ ಗೀಟಿಗೆ ಸಿಗುವುದು ಒಂದೋ ಎರಡೋ ಚುಕ್ಕಿ. ‘ಸ್ತ್ರೀ’, ‘ರಾಷ್ಟ್ರ’ ಇಂಥವುಗಳಲ್ಲಿ ಎರಡು ಒತ್ತು ಕೆಳಗೆ ಕೂರಬೇಕು, ದೀರ್ಘ ಪಕ್ಕಕ್ಕೆ ಬರಬೇಕು. 18.5 ಇಂಚಿನ 1366×768ರಲ್ಲಿ ಇಂಚಿಗೆ 85 ಚುಕ್ಕಿ ಮಾತ್ರ. ಅಲ್ಲಿ ‘ಧನ’ ‘ದನ’ವಾಗುವುದು ಮಾಮೂಲು. ಈಗಲೂ ಅತಿ ಅಗ್ಗಕ್ಕೆ ಸಿಗುವುದು ಈ 768 ಸಾಲಿನದೇ. ಪುಟದಲ್ಲಿ ನೇರವಾಗಿ “768 ಎಂದು ಇದ್ದರೆ ಬೇಡ” ಎಂದು ಬರೆಯಬಹುದು.

ಹೊಸ ಪರದೆಗೆ ಅದರ ಸ್ವಂತ ರೆಸಲ್ಯೂಶನ್ ಒಂದೇ. 1920×1080ರ ಮಾನಿಟರನ್ನು 1280×1024ಕ್ಕೆ ಇಳಿಸಿದರೆ ಚುಕ್ಕಿಗೆ ಚುಕ್ಕಿ ಕೂರದೆ ಅಕ್ಷರ ಕಲಸಿಹೋಗುತ್ತದೆ. ಅಗಲಕ್ಕೆ ಎಳೆದು ಮುಖಗಳೂ ದಪ್ಪವಾಗುತ್ತವೆ. ಅಕ್ಷರ ದೊಡ್ಡದು ಬೇಕಾದರೆ ರೆಸಲ್ಯೂಶನ್ ಮುಟ್ಟದೆ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿರುವ ಸ್ಕೇಲ್ ಅನ್ನು 125 ಶೇಕಡಕ್ಕೆ ಏರಿಸುವುದು ಸರಿ.

ಇನ್ನು “24 ಇಂಚು ಅಗಲ”. ಇಂಚು ಯಾವಾಗಲೂ ಮೂಲೆಯಿಂದ ಮೂಲೆಗೆ. ಪೇಟೆಯಲ್ಲಿ ಜನ ಮೋಸಹೋಗುವುದು ಹೆಚ್ಚಾಗಿ ಇಲ್ಲೇ. 17 ಇಂಚಿನ ಸ್ಕ್ವೇರ್ ಪರದೆ ಸುಮಾರು 34 ಸೆಂ.ಮೀ. ಅಗಲ, 27 ಸೆಂ.ಮೀ. ಎತ್ತರ. ‘ದೊಡ್ಡದು’ ಎಂದು 18.5 ಇಂಚಿನ ವೈಡ್ ತಂದರೆ ಅಗಲ 41, ಎತ್ತರ 23! ಪರದೆ ನಾಲ್ಕು ಸೆಂ.ಮೀ. ಗಿಡ್ಡವಾಯಿತು, ಚುಕ್ಕಿಯ ಸಾಲುಗಳೂ 1024ರಿಂದ 768ಕ್ಕೆ ಇಳಿದವು. ಪುಟ ಓದುವವರಿಗೂ ಲೆಕ್ಕಪತ್ರ ಬರೆಯುವವರಿಗೂ ಬೇಕಾದದ್ದು ಎತ್ತರ. ಹಳೆಯ 17ರ ಎತ್ತರ ಉಳಿಯಬೇಕಾದರೆ ವೈಡಿನಲ್ಲಿ 21.5 (ಎತ್ತರ ಸುಮಾರು 26.8 ಸೆಂ.ಮೀ.) ಬೇಕು. ಹಳೆಯದು 19 ಇಂಚಿನ ಸ್ಕ್ವೇರ್ ಆಗಿದ್ದರೆ 24 ಇಂಚಿಗಿಂತ ಕಡಿಮೆಯದು ತರಬಾರದು. ಹಾಗೆಯೇ 24 ಇಂಚಿನದು ಸುಮಾರು 53 ಸೆಂ.ಮೀ. ಅಗಲ, ಜೊತೆಗೆ ಚೌಕಟ್ಟು. ಹಳೆಯ ಕಂಪ್ಯೂಟರ್ ಮೇಜಿನ ಮೇಲ್ಹಲಗೆಯ ಕೆಳಗೆ, ಎರಡು ಬದಿಯ ಪಟ್ಟಿಗಳ ನಡುವೆ ಕೂರುತ್ತದೋ ಎಂದು ಟೇಪು ಹಿಡಿದು ಮೊದಲೇ ನೋಡಬೇಕು. ಆದ್ದರಿಂದ ವಾಕ್ಯ ಹೀಗಿರಲಿ: “ಮೂಲೆಯಿಂದ ಮೂಲೆಗೆ 24 ಇಂಚು, ಅಗಲ ಎತ್ತರ ಸೆಂ.ಮೀ.ನಲ್ಲಿ ಕೇಳಿ.”

‘ಹೊಳಪು’ ಎರಡು ಅರ್ಥ ಹೊತ್ತುಕೊಂಡು ಕಷ್ಟಪಡುತ್ತಿದೆ. ಬ್ರೈಟ್‌ನೆಸ್ ಎಂಬ ಅರ್ಥದಲ್ಲಾದರೆ ‘ಬೆಳಕು’ ಎನ್ನಿ. 250 ನಿಟ್ಸ್ (ಪರದೆಯ ಬೆಳಕಿನ ಅಳತೆ) ಮನೆಯೊಳಗೆ ಧಾರಾಳ, ಬೇಡವಾದಾಗ ಗುಂಡಿ ಒತ್ತಿ ಇಳಿಸಬಹುದು, ಆದ್ದರಿಂದ ಕಡಿಮೆ ಇರುವುದನ್ನು ಹುಡುಕಿ ಕೊಳ್ಳುವ ಅಗತ್ಯವೇ ಇಲ್ಲ. ನಿಮ್ಮ ವಾಕ್ಯ ಹೇಳಹೊರಟದ್ದು ಇನ್ನೊಂದನ್ನು: ಗಾಜಿನಂತೆ ಮಿರುಗಿ, ಎದುರಿನ ಬಾಗಿಲು ಕಿಟಕಿಗಳನ್ನೆಲ್ಲ ತೋರಿಸುವ ಮೈ. ಜಗಲಿಯ ಕಡೆಗೆ ಬೆನ್ನು ಹಾಕಿ ಕೂತರೆ ಅಂಗಳದ ಬಿಸಿಲು ಪರದೆಯಲ್ಲೇ ಕಾಣುತ್ತದೆ. ಅದಕ್ಕೆ ‘ಮಿರುಗುವ ಪರದೆ’, ‘ಮಿರುಗದ ಪರದೆ’ ಎನ್ನಬಹುದು. ‘ಮಂಕು ಪರದೆ’ ಎನ್ನಬೇಡಿ, ಕೆಟ್ಟುಹೋದದ್ದು ಎಂದಾಗುತ್ತದೆ. ಪೆಟ್ಟಿಗೆಯ ಮೇಲೆ ಆಂಟಿ ಗ್ಲೇರ್ ಅಥವಾ ಮ್ಯಾಟ್ ಎಂದಿರುತ್ತದೆ.

ರಿಫ್ರೆಶ್ ರೇಟ್: “ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಮೂಡುತ್ತದೆ.” ಇಷ್ಟು ಸಾಕು. ಮೌಸಿನ ಬಲಗುಂಡಿ ಒತ್ತಿದಾಗ ಬರುವ ರಿಫ್ರೆಶ್‌ಗೂ ಇದಕ್ಕೂ ಸಂಬಂಧವಿಲ್ಲ, ಕಂಪ್ಯೂಟರ್ ಇದರಿಂದ ವೇಗವಾಗುವುದಿಲ್ಲ ಎಂದು ಸೇರಿಸಿ. ಕೆಲವು ಹಳೆಯ ಕಂಪ್ಯೂಟರುಗಳಲ್ಲಿ ವಿಜಿಎಯ ಜೊತೆಗಿರುವ ಡಿವಿಐ ಎಂಬ ಪೋರ್ಟಿನ ಒಂದು ಲಿಂಕ್ ಚುಕ್ಕಿಗಳನ್ನು ಸಾಗಿಸುವ ವೇಗದ ಮಿತಿ 165 ಮೆಗಾಹರ್ಟ್ಸ್. 1920×1080ಕ್ಕೆ 60 ಹರ್ಟ್ಸ್‌ನಲ್ಲೇ 148.5 ಖರ್ಚಾಗುತ್ತದೆ, 75 ಹರ್ಟ್ಸ್ ಆ ಮಿತಿ ದಾಟುತ್ತದೆ. ಹಾಗಾಗಿ 100 ಹರ್ಟ್ಸ್ ಮಾನಿಟರ್ ತಂದರೂ ಅಲ್ಲಿ ಓಡುವುದು 60ರಲ್ಲೇ. ತಂದದ್ದರಿಂದ ನಷ್ಟವೇನಿಲ್ಲ, ಅದಕ್ಕೆಂದೇ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

2560×1440ರ ಆಸೆಯನ್ನೂ ಇದೇ ಕಾರಣಕ್ಕೆ ಬಿಡಬೇಕು. ಇಂಟೆಲ್ ಎರಡನೇ, ಮೂರನೇ ತಲೆಮಾರಿನ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ (ಚಿತ್ರ ಮೂಡಿಸುವ ಭಾಗ) ಎಚ್‌ಡಿಎಂಐಯಲ್ಲಿ 1920×1200ಕ್ಕೆ ನಿಲ್ಲುತ್ತದೆ.

ಉತ್ತರ 2 (ಉಪ್ಪಳದಿಂದ)

ಕುಂಬಳೆಯವರು ಕನ್ವರ್ಟರನ್ನು ಬಿಟ್ಟರು. ನನ್ನ ಮಟ್ಟಿಗೆ ಐದು ವಾಕ್ಯಗಳಲ್ಲಿ ದುಡ್ಡು ಕಳೆಯುವ ವಾಕ್ಯ ಅದೊಂದೇ.

‘ವಿಜಿಎ–ಎಚ್‌ಡಿಎಂಐ’ ಎಂದು ನಡುವೆ ಗೀಟು ಎಳೆದರೆ ದಿಕ್ಕು ತಿಳಿಯುವುದಿಲ್ಲ. ಇವು ಎರಡು ಬೇರೆ ಬೇರೆ ಸಾಮಾನು, ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಇರುವಾಗ ಗೀಟು ಯಾಕೆ? “ವಿಜಿಎಯಿಂದ ಎಚ್‌ಡಿಎಂಐಗೆ” ಎಂದು ಬರೆಯಿರಿ. ‘ಇಂದ’ ಕಂಪ್ಯೂಟರಿನ ಕಡೆ, ‘ಗೆ’ ಮಾನಿಟರಿನ ಕಡೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವಂಥದ್ದು. ಅದು ಹೊಸ ಲ್ಯಾಪ್‌ಟಾಪನ್ನು ಹಳೆಯ ಪ್ರೊಜೆಕ್ಟರಿಗೆ ಸಿಕ್ಕಿಸುವವರಿಗೆ. ನಮ್ಮ ಓದುಗರಿಗೆ ಬೇಕಾದದ್ದು ತಿರುಗು ದಿಕ್ಕಿನದು. ಅದರ ಗುರುತು: ವಿಜಿಎ ಕಡೆ ಪಿನ್‌ಗಳಿರುವ ಗಂಡು ತುದಿ, ಎಚ್‌ಡಿಎಂಐ ಕಡೆ ಹೆಣ್ಣು ತುದಿ, ಜೊತೆಗೆ ಕರೆಂಟಿಗಾಗಿ ಒಂದು ಯುಎಸ್‌ಬಿ ವಯರ್. ಆ ವಯರನ್ನು ಸಿಕ್ಕಿಸದಿದ್ದರೆ ಹೆಚ್ಚಿನವುಗಳಲ್ಲಿ ‘ನೋ ಸಿಗ್ನಲ್’ ಎಂದೇ ಬರುತ್ತದೆ. ಎರಡೂ ತುದಿಯಲ್ಲಿ ಬರೀ ಪ್ಲಗ್ ಇದ್ದು ನಡುವೆ ಡಬ್ಬಿಯೇ ಇಲ್ಲದ ‘ವಿಜಿಎ ಎಚ್‌ಡಿಎಂಐ ಕೇಬಲ್’ ಎಂಬುದನ್ನು ಮುಟ್ಟಲೇಬೇಡಿ. ವಿಜಿಎ ಅನಲಾಗ್ (ಏರಿಳಿಯುವ ವಿದ್ಯುತ್ತಿನ ಸಂಕೇತ), ಎಚ್‌ಡಿಎಂಐ ಡಿಜಿಟಲ್ (ಅಂಕಿಗಳ ಸಂಕೇತ), ಬರೀ ತಂತಿ ಅದನ್ನು ಮಾರ್ಪಡಿಸಲಾರದು.

ಡಿವಿಐ ಇದ್ದರೆ ಮಾತು ಬೇರೆ. ಡಿವಿಐಯಿಂದ ಎಚ್‌ಡಿಎಂಐಗೆ ಬರೀ ಕೇಬಲ್ ಸಾಕು, ಎರಡೂ ಡಿಜಿಟಲ್. ಸ್ವರ ಮಾತ್ರ ಸಾಮಾನ್ಯವಾಗಿ ಹೋಗುವುದಿಲ್ಲ, ಸ್ಪೀಕರಿಗೆ ಬೇರೆ ವಯರ್ ಬೇಕು. ಡಿವಿಐ ಪೋರ್ಟಿನ ಒಂದು ಬದಿಯಲ್ಲಿ ಅಡ್ಡ ಸೀಳು ಕಾಣುತ್ತದೆ. ಅದರ ಸುತ್ತ ನಾಲ್ಕು ತೂತುಗಳಿದ್ದರೆ ಅನಲಾಗ್ ಕೂಡ ಬರುತ್ತದೆ, ಇಲ್ಲದಿದ್ದರೆ ಡಿಜಿಟಲ್ ಮಾತ್ರ. ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಡಿಜಿಟಲ್ ಪೋರ್ಟಿನಲ್ಲೂ ದಿಕ್ಕು ನೋಡಬೇಕು: ಹೆಚ್ಚಿನ ಕಂಪ್ಯೂಟರುಗಳಲ್ಲಿ ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಅಗ್ಗದ ಕೇಬಲ್ ಸಾಕು, ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟಿಗೆ ಆ ಕೇಬಲ್ ಆಗದು.

ಇಷ್ಟೆಲ್ಲ ರಗಳೆ ಬೇಡದಿದ್ದರೆ ವಿಜಿಎ, ಎಚ್‌ಡಿಎಂಐ ಎರಡೂ ಇರುವ ಮಾನಿಟರನ್ನೇ ಕೇಳಬೇಕು. 22, 24 ಇಂಚಿನಲ್ಲಿ ಈಗಲೂ ಸಿಗುತ್ತವೆ. ಇವತ್ತು ವಿಜಿಎಯಲ್ಲಿ ನಡೆಯುತ್ತದೆ, ಕಂಪ್ಯೂಟರ್ ಬದಲಾದ ದಿನ ಎಚ್‌ಡಿಎಂಐಗೆ ಹೋಗಬಹುದು.

‘ಪೋರ್ಟ್’ಗೆ ‘ಕಿಂಡಿ’ ಎನ್ನುವ ಸಲಹೆ ಯಾರಿಂದಾದರೂ ಬಂದೀತು. ಬೇಡ. ನಮ್ಮ ಕಡೆ ಜನ ‘ಪಿನ್ನು’ ಎಂದೇ ಹೇಳುವುದು, “ಎಚ್‌ಡಿಎಂಐ ಪಿನ್ನು ಉಂಟಾ?” ಎಂದು. ಆದರೆ ದುರಸ್ತಿಯ ಮಾತು ಬಂದಾಗ ಪ್ಲಗ್ಗಿನ ಒಳಗಿನ ಕಡ್ಡಿಯೂ ಪಿನ್ನೇ ಆಗುತ್ತದೆ, ಆದ್ದರಿಂದ ಬರಹದಲ್ಲಿ ಪೋರ್ಟ್ ಇರಲಿ. ಇನ್ನೊಂದು: ಅಂಗಡಿಯಲ್ಲೂ ಮನೆಯಲ್ಲೂ ‘ಸಿಪಿಯು’ ಎಂದರೆ ಇಡೀ ಪೆಟ್ಟಿಗೆ. “ಸಿಪಿಯುವಿನ ಹಿಂಬದಿ ನೋಡಿ” ಎಂದು ಧೈರ್ಯವಾಗಿ ಬರೆಯಿರಿ. ತಾಂತ್ರಿಕವಾಗಿ ಅದು ತಪ್ಪು ಎಂದು ಅಡಿಟಿಪ್ಪಣಿ ಹಾಕುವುದು ಬೇಡ. ಅಲ್ಲೇ ಒಂದು ಎಚ್ಚರಿಕೆ ಸೇರಲಿ: ಪೆಟ್ಟಿಗೆಯಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡು ಕಡೆ ಪೋರ್ಟ್ ಕಾಣುತ್ತವೆ. ಕೇಬಲ್ ಹಾಕಬೇಕಾದದ್ದು ಕೆಳಗಿನ ಅಡ್ಡ ಪಟ್ಟಿಯಲ್ಲಿರುವ ಕಾರ್ಡಿನ ಪೋರ್ಟಿಗೆ, ಮೇಲೆ ಯುಎಸ್‌ಬಿಗಳ ಪಕ್ಕದಲ್ಲಿರುವುದಕ್ಕಲ್ಲ. ಹೊಸ ಮಾನಿಟರ್ ‘ಸತ್ತಿದೆ’ ಎಂದು ಹಿಂತಿರುಗಿಸಲು ಹೊರಡುವ ಮೊದಲು ಇದನ್ನು ನೋಡಬೇಕು.

ಉತ್ತರ 3 (ಪೆರ್ಲದಿಂದ)

‘ಸ್ಪಷ್ಟತೆ’ಯನ್ನು ಪೂರ್ತಿ ಓಡಿಸಬೇಡಿ, ಅದಕ್ಕೆ ಬೇರೆ ಕಡೆ ಕೆಲಸ ಉಂಟು. ರೆಸಲ್ಯೂಶನ್ ಸರಿಯಾಗಿದ್ದೂ ವಿಜಿಎಯಲ್ಲಿ ಅಕ್ಷರ ಮಸುಕಾಗುವುದು ಬಹಳ ಮಾಮೂಲು, ಅಲ್ಲಿ ಹೇಳಬೇಕಾದದ್ದು ಸ್ಪಷ್ಟತೆ ಎಂದೇ. ಹೊಸ ಮಾನಿಟರನ್ನು ವಿಜಿಎಗೆ ಜೋಡಿಸಿದ ಮೇಲೆ ಅಕ್ಷರ ತುಂಬಿದ ಒಂದು ಪುಟ ತೆರೆದಿಟ್ಟು ಮಾನಿಟರಿನ ಗುಂಡಿಯಲ್ಲಿ ‘ಆಟೋ ಅಡ್ಜಸ್ಟ್’ ಒತ್ತಬೇಕು. ಖಾಲಿ ಪರದೆಯಲ್ಲಿ ಒತ್ತಿದರೆ ಅದಕ್ಕೆ ಅಳೆಯಲು ಅಂಚು ಸಿಗುವುದಿಲ್ಲ. ಆಮೇಲೂ ಮಸುಕಿದ್ದರೆ ಮೆನುವಿನ ‘ಫೇಸ್’ (Phase) ಅನ್ನು ಒಂದೊಂದೇ ಅಂಕಿ ಸರಿಸುತ್ತ ಹೋಗಬೇಕು. ಅಕ್ಷರದ ಬಲಕ್ಕೆ ನೆರಳು ಕಂಡರೆ ಕೇಬಲಿನ ದೋಷ. ಉದ್ದದ, ತೆಳ್ಳಗಿನ ಕೇಬಲುಗಳಲ್ಲಿ ಇದು ಹೆಚ್ಚು. ಮಾನಿಟರಿನೊಡನೆ ಬಂದ ಗಿಡ್ಡ ಕೇಬಲ್ ಹಾಕಿ ನೋಡಿ.

ಬಣ್ಣ ಕೆಟ್ಟರೆ ಮಾನಿಟರನ್ನು ಬೈಯುವ ಮೊದಲು ಪ್ಲಗ್ ಬಿಚ್ಚಿ ನೋಡಬೇಕು. ವಿಜಿಎಯಲ್ಲಿ ಮೂರು ಸಾಲಿನಲ್ಲಿ 15 ಸ್ಥಾನಗಳು. ಮೊದಲ ಮೂರು ಪಿನ್ ಕ್ರಮವಾಗಿ ಕೆಂಪು, ಹಸಿರು, ನೀಲಿ. ನೀಲಿಯ ಪಿನ್ ಬಾಗಿದ್ದರೆ ಬಿಳಿ ಜಾಗವೆಲ್ಲ ಹಳದಿ. ಹಸಿರಿನದು ಹೋದರೆ ಕಡುಗುಲಾಬಿ. ಕೆಂಪು ಹೋದರೆ ಹಸಿರು ಬೆರೆತ ತಿಳಿನೀಲಿ. ಸಪೂರ ಇಕ್ಕುಳದಿಂದ ಮೆಲ್ಲಗೆ ನೆಟ್ಟಗೆ ಮಾಡಿದರೆ ಸರಿಹೋಗುತ್ತದೆ. ಒಂಬತ್ತನೆಯ ಸ್ಥಾನ ಖಾಲಿ ಇರುವುದು ಹಲವು ಕೇಬಲುಗಳಲ್ಲಿ ಸಹಜ, ಅದು ಮುರಿದದ್ದಲ್ಲ.

ವಾಚನಾಲಯಗಳಲ್ಲಿ ಟಿವಿಯನ್ನೇ ಮಾನಿಟರ್ ಮಾಡುವ ವಿಚಾರ ಹೇಗೂ ಬರುತ್ತದೆ. 32 ಇಂಚಿನ 1366×768 ಟಿವಿಯಲ್ಲಿ ಇಂಚಿಗೆ 49 ಚುಕ್ಕಿ. ಹತ್ತಡಿ ದೂರದಿಂದ ಯಕ್ಷಗಾನದ ವಿಡಿಯೊ ನೋಡಲು ಚೆಂದ, ಮೇಜಿನ ಮೇಲಿಟ್ಟು ಓದಲು ಆಗದು. ಕೆಲವು ಟಿವಿಗಳು ಚಿತ್ರದ ನಾಲ್ಕೂ ಅಂಚು ಕತ್ತರಿಸುತ್ತವೆ, ಕೆಳಗಿನ ಪಟ್ಟಿ ಅರ್ಧ ಮಾಯವಾಗುತ್ತದೆ. ಟಿವಿಯ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಎಂಬುದನ್ನು ಹುಡುಕಬೇಕು.

ಕೊನೆಯದು, ಅಂಗಡಿಯವರಿಗೂ ತಲೆನೋವಾಗುವ ಪ್ರಕರಣ. ಹೊಸ 1920×1080 ಮಾನಿಟರ್, ಆದರೆ ಕಂಪ್ಯೂಟರ್ 1024×768ರ ಮೇಲೆ ಹೋಗುವುದಿಲ್ಲ. ವಿಜಿಎಯ 12 ಮತ್ತು 15ನೆಯ ಪಿನ್‌ಗಳ ಮೂಲಕವೇ ಮಾನಿಟರ್ ತನ್ನ ರೆಸಲ್ಯೂಶನ್ ಎಷ್ಟೆಂದು ಕಂಪ್ಯೂಟರಿಗೆ ತಿಳಿಸುವುದು. ಅಗ್ಗದ ಕೆಲವು ಕೇಬಲುಗಳಲ್ಲಿ ಆ ತಂತಿಗಳೇ ಇರುವುದಿಲ್ಲ, ಚಿತ್ರ ಬರುತ್ತದೆ, ಗುರುತು ಸಿಗುವುದಿಲ್ಲ. ವಿಂಡೋಸಿನಲ್ಲಿ ಮಾನಿಟರಿನ ಹೆಸರಿನ ಜಾಗದಲ್ಲಿ ‘ಜೆನೆರಿಕ್ ನಾನ್ ಪಿಎನ್‌ಪಿ’ ಎಂದು ಕಂಡರೆ ಮೊದಲು ಕೇಬಲ್ ಬದಲಿಸಿ. ಅದರಿಂದಲೂ ಆಗದಿದ್ದರೆ ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸನ್ನು ನಡೆಸುವ ತಂತ್ರಾಂಶ) ಹಾಕಿದೆಯೇ ನೋಡಿ. ಮಾನಿಟರ್ ಹಿಂತಿರುಗಿಸುವ ಮಾತು ಆ ಎರಡರ ನಂತರ.