ರಾತ್ರಿಯ ಕಾಂಕ್ರೀಟ್ ಕೆಲಸ ಮತ್ತು ಹಿರಿಯರ ನಿದ್ರೆ: ಮನವಿಯ ಕರಡಿಗೆ ಸಲಹೆಗಳು

ಸಂಘದ ಕಾರ್ಯದರ್ಶಿ
ಮಾನ್ಯ ನಿವಾಸಿಗಳೇ, ಮೂರನೇ ಅಡ್ಡರಸ್ತೆಯ ತುದಿಯಲ್ಲಿ ಕಟ್ಟುತ್ತಿರುವ ವಸತಿ ಸಮುಚ್ಚಯಕ್ಕೆ ರಾತ್ರಿ ಹೊತ್ತು ಕಾಂಕ್ರೀಟ್ ಹಾಕುತ್ತಿರುವುದರಿಂದ ಮಿಕ್ಸರ್ ಲಾರಿಗಳ ಸದ್ದೂ ದೊಡ್ಡ ದೀಪಗಳ ಬೆಳಕೂ ಬೆಳಗಿನ ಜಾವದವರೆಗೆ ನಿಲ್ಲುತ್ತಿಲ್ಲ. ಬಾಯಿಮಾತಿನಲ್ಲಿ ಕೇಳಿಕೊಂಡಿದ್ದರಿಂದ ಪ್ರಯೋಜನವಾಗದ ಕಾರಣ ಲಿಖಿತ ಮನವಿ ಸಲ್ಲಿಸಲು ನಿರ್ಧರಿಸಲಾಗಿದೆ. ಅದರಲ್ಲಿ ಏನಿರಬೇಕೆಂದು ತಿಳಿಸಿ.

ಎರಡನೇ ಅಡ್ಡರಸ್ತೆಯ ನಿವಾಸಿ
ನಮ್ಮ ತಾಯಿಯವರಿಗೆ 78 ವರ್ಷ. ರಾತ್ರಿಯೆಲ್ಲ ಎದ್ದು ಕೂರುತ್ತಾರೆ, ಹಗಲು ತೂಕಡಿಸುತ್ತಾರೆ. ನಿದ್ರೆಗೆಟ್ಟರೆ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ ಎಂಬ ಸಂದೇಶ ಈ ಗುಂಪಿಗೆ ಬಂದಿತ್ತಲ್ಲ, ಅದನ್ನು ಓದಿದ ಮೇಲೆ ಅವರ ಆತಂಕ ಇನ್ನೂ ಹೆಚ್ಚಾಗಿದೆ. ಮನವಿಯನ್ನು ಆ ಮಾತಿನಿಂದಲೇ ಆರಂಭಿಸಬೇಕೆಂದು ನನ್ನ ಸಲಹೆ.

ಮುಖ್ಯರಸ್ತೆಯ ನಿವಾಸಿ, ನಿವೃತ್ತ ವೈದ್ಯೆ
ಆ ಮಾತನ್ನು ದಯವಿಟ್ಟು ಸೇರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ, ಮತ್ತೆ 2019ರಲ್ಲಿ ಪರಿಶೀಲಿಸಿ, ಕ್ಯಾನ್ಸರ್‌ಗೆ ಬಹುಶಃ ಕಾರಣವಾಗಬಹುದಾದ ಸಂಗತಿಗಳ 2ಎ ಗುಂಪಿಗೆ ಸೇರಿಸಿದ್ದು ರಾತ್ರಿ ಪಾಳಿಯ ದುಡಿಮೆಯನ್ನೇ ಹೊರತು, ಮನೆಯಲ್ಲಿ ಮಲಗಿದವರಿಗೆ ಆಗಾಗ ಎಚ್ಚರವಾಗುವುದನ್ನಲ್ಲ. ಆ ಗುಂಪು ಸೂಚಿಸುವುದೂ ಪುರಾವೆ ಎಷ್ಟು ಬಲವಾಗಿದೆ ಎಂಬುದನ್ನು; ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ರಾತ್ರಿ ಬೆಳಕು ಕಣ್ಣಿಗೆ ಬಿದ್ದರೆ ನಿದ್ರೆಯ ವೇಳೆಯನ್ನು ದೇಹಕ್ಕೆ ಸೂಚಿಸುವ ಮೆಲಟೋನಿನ್ ಹಾರ್ಮೋನಿನ ಸ್ರವಿಕೆ ಕುಗ್ಗಿ ದೇಹದ ದಿನಚರಿ ಏರುಪೇರಾಗುತ್ತದೆ ಎಂಬುದು ನಿಜವಾದ್ದರಿಂದ ವಿಜ್ಞಾನಿಗಳ ಅನುಮಾನಕ್ಕೆ ಆಧಾರವಿದೆ. ಆದರೆ ಬ್ರಿಟನ್ನಿನ ಲಕ್ಷಾಂತರ ಮಹಿಳೆಯರ ಮಾಹಿತಿಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ರಾತ್ರಿ ಪಾಳಿಗೂ ಸ್ತನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ನಿದ್ರೆಯ ಅವಧಿಯನ್ನು ಕುರಿತ ಅಧ್ಯಯನಗಳೂ ಒಮ್ಮತಕ್ಕೆ ಬಂದಿಲ್ಲ. ಇನ್ನೂ ಪತ್ತೆಯಾಗದ ಕಾಯಿಲೆಯೇ ನಿದ್ರೆ ಕೆಡಿಸಿರುವ ಸಾಧ್ಯತೆ ವಯಸ್ಸಾದವರಲ್ಲಿ ಇರುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಕಷ್ಟ. ತಾಯಿಯವರಿಗೆ ಇದನ್ನು ನಿಧಾನವಾಗಿ ತಿಳಿಸಿ ಹೇಳಿ. ಕ್ಯಾನ್ಸರಿನ ಭಯವೇ ಇದ್ದರೆ, ಎಲೆ ಅಡಿಕೆ ಮತ್ತು ಹೊಗೆಸೊಪ್ಪಿನ ಅಭ್ಯಾಸ ಬಿಡಿಸುವುದಕ್ಕೆ ಇದಕ್ಕಿಂತ ಎಷ್ಟೋ ಗಟ್ಟಿಯಾದ ಪುರಾವೆಯಿದೆ.

ಹಾಗೆಂದು ಈ ನಿದ್ರಾಭಂಗ ಸಣ್ಣ ವಿಷಯವಲ್ಲ. ನಿದ್ರೆಯಲ್ಲಿದ್ದಾಗಲೂ ಸದ್ದಿಗೆ ರಕ್ತದೊತ್ತಡ ಏರುತ್ತದೆ. ನಿದ್ರೆ ಸಾಲದ ಹಿರಿಯರು ಎಡವಿ ಬೀಳುವುದು ಹೆಚ್ಚು. ನಿದ್ರೆ ಮಾತ್ರೆಗಳನ್ನು ಸ್ವತಃ ತಂದು ನುಂಗಿಸಬೇಡಿ, ಅವುಗಳಿಂದಲೂ ಬೀಳುವ ಅಪಾಯವಿದೆ. ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುವುದು, ಪದೇಪದೇ ಮೂತ್ರಕ್ಕೆ ಏಳುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ, ಸದ್ದಿನ ಮೇಲೆ ಹೊರೆ ಹಾಕಿ ಸುಮ್ಮನಿರದೆ ವೈದ್ಯರಿಗೆ ತೋರಿಸಿ.

ನಾಲ್ಕನೇ ಅಡ್ಡರಸ್ತೆಯ ನಿವಾಸಿ, ವಕೀಲರು
ಡಾಕ್ಟರಮ್ಮನವರ ಮಾತಿಗೆ ನನ್ನ ಸಹಮತವಿದೆ. ಸಾಬೀತಾಗದ ಒಂದು ಮಾತು ಮನವಿಯಲ್ಲಿದ್ದರೆ ಎದುರಿನವರು ಅದನ್ನೇ ಹಿಡಿದು ಉಳಿದದ್ದನ್ನೂ ತಳ್ಳಿಹಾಕುತ್ತಾರೆ. ನಮಗೆ ಅದರ ಅಗತ್ಯವೂ ಇಲ್ಲ. ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಮಿತಿ 45 ಡೆಸಿಬಲ್. 2010ರ ತಿದ್ದುಪಡಿಯು ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ಆ ಅವಧಿಯಲ್ಲಿ ಬಳಸುವುದನ್ನೇ ನಿಷೇಧಿಸಿದೆ. ಆದ್ದರಿಂದ ಸದ್ದನ್ನು ಅಳೆದು ತೋರಿಸುವವರೆಗೆ ಕಾಯಬೇಕಿಲ್ಲ. ಯಂತ್ರ ಓಡಿದ ದಿನಾಂಕ ಮತ್ತು ಸಮಯ ನಮೂದಿಸಿದ ಚಿತ್ರಗಳು ಸಾಕಷ್ಟು ನೆರವಾಗುತ್ತವೆ.

ಎರಡನೇ ಅಡ್ಡರಸ್ತೆಯ ನಿವಾಸಿ
ಧನ್ಯವಾದಗಳು ಮೇಡಂ. ತಾಯಿಯವರಿಗೆ ನೀವು ಬರೆದದ್ದನ್ನು ಓದಿ ಹೇಳಿದೆ. ಗೊರಕೆಯ ವಿಷಯ ನೀವು ಹೇಳಿದಂತೆಯೇ ಇದೆ, ಪರೀಕ್ಷೆ ಮಾಡಿಸುತ್ತೇವೆ. ನಮ್ಮ ಮಹಡಿಯಿಂದ ಲಾರಿಗಳು ಕಾಣುವುದರಿಂದ ಚಿತ್ರ ತೆಗೆಯುವ ಹೊಣೆ ನನಗಿರಲಿ.

ಸಂಘದ ಕಾರ್ಯದರ್ಶಿ
ಕ್ಯಾನ್ಸರಿನ ಉಲ್ಲೇಖ ಬಿಟ್ಟು, ನಿಯಮಗಳನ್ನೂ ಹಿರಿಯರ ನಿದ್ರೆಯ ತೊಂದರೆಯನ್ನೂ ಸೇರಿಸಿ ಕರಡು ಬರೆಯುತ್ತೇನೆ. ಒಂದು ಪ್ರತಿಯನ್ನು ಪೊಲೀಸ್ ಠಾಣೆಗೂ ಮತ್ತೊಂದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಡೋಣ. ಸಹಿಗಾಗಿ ಭಾನುವಾರ ಬೆಳಗ್ಗೆ ಉದ್ಯಾನದ ಬಳಿ ಬನ್ನಿ. ನಡೆದು ಬರಲಾಗದ ಹಿರಿಯರ ಮನೆ ಸಂಖ್ಯೆ ತಿಳಿಸಿದರೆ ನಾವೇ ಬರುತ್ತೇವೆ. ಅಷ್ಟರೊಳಗೆ ರಾತ್ರಿ 10ರ ನಂತರ ಯಂತ್ರ ಓಡಿದರೆ 112ಕ್ಕೆ ಕರೆ ಮಾಡಿ, ಕರೆ ಮಾಡಿದ ಸಮಯವನ್ನು ಇಲ್ಲಿ ಬರೆಯಿರಿ.