ಬೋರಾಕ್ಸ್ ಹಚ್ಚಿದ ಕಂಬಕ್ಕೇ ಗೆದ್ದಲು! ಎಲ್ಲಿ ಎಡವಿದೆ?

ಉಳಿಸುತ್ತಿಗೆ:
ಹಿತ್ತಲ ಚಪ್ಪರಕ್ಕೆ ನಾಲ್ಕು ಕಂಬ ನೆಟ್ಟು ವರ್ಷವೂ ಆಗಿಲ್ಲ. ನೆಡುವ ಮೊದಲು ಬೋರಾಕ್ಸ್, ಬೋರಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ಎರಡು ಕೋಟ್ ಹೊಡೆದಿದ್ದೆ. ಮೊನ್ನೆ ನೋಡಿದರೆ ಒಂದು ಕಂಬದ ಬುಡದಿಂದ ಪೆನ್ಸಿಲ್ ದಪ್ಪದ ಮಣ್ಣಿನ ದಾರಿ ಮೇಲೆ ಹತ್ತಿದೆ. ಸ್ಕ್ರೂಡ್ರೈವರ್ ಒತ್ತಿದರೆ ಸಲೀಸಾಗಿ ಒಳಗೆ ಹೋಯ್ತು. ಅದೇ ದ್ರಾವಣ ಹಚ್ಚಿದ ಒಳಗಿನ ಕಪಾಟಿಗೆ ಏನೂ ಆಗಿಲ್ಲ. ಈಗ ಕ್ಲೋರ್‌ಪೈರಿಫಾಸ್ ಕೀಟನಾಶಕ ಹೊಡೆಯಲಾ, ಸಿಸಿಎ (ತಾಮ್ರ-ಕ್ರೋಮಿಯಂ-ಆರ್ಸೆನಿಕ್ ಇರುವ ಮರದ ಔಷಧಿ) ಹಚ್ಚಲಾ, ಇಲ್ಲ ಹಳೇ ಇಂಜಿನ್ ಆಯಿಲ್ ಸಾಕಾ?

ಕೆಚ್ಚುಮರ:
ಕಂಬ ನೇರ ಮಣ್ಣಲ್ಲಿದೆಯಾ? ಔಷಧಿ ಹಚ್ಚಿದ ಮೇಲೆ ಬುಡ ಕೊಯ್ದಿರಾ?

ಉಳಿಸುತ್ತಿಗೆ:
ಮಣ್ಣಲ್ಲೇ, ಎರಡಡಿ ಆಳ. ಎತ್ತರ ಸರಿಮಾಡಲು ಒಂದರದ್ದು ಮಾತ್ರ ನಾಲ್ಕಿಂಚು ಕೊಯ್ದಿದ್ದೆ... ಅದೇ ಕಂಬ. ಕೊಯ್ದ ಕಡೆ ಮತ್ತೆ ಹಚ್ಚಲಿಲ್ಲ.

ಕೆಚ್ಚುಮರ:
ಸಿಕ್ತಲ್ಲ. ಮರದ ನಾಳಗಳೆಲ್ಲ ಬಾಯಿ ತೆರೆಯೋದು ಕೊಯ್ದ ತುದಿಯಲ್ಲೇ. ಎಲ್ಲಕ್ಕಿಂತ ಹೆಚ್ಚು ಔಷಧಿ ಕುಡಿಯಬೇಕಾದ ಜಾಗವನ್ನೇ ಬರಿದಾಗಿ ಮಣ್ಣಿಗಿಟ್ಟಿದ್ದೀರಿ. ಉಳಿದ ಮೂರು ಕಂಬವೂ ಹೆಚ್ಚು ದಿನ ತಡೆಯಲ್ಲ. ನೀವು ಹಚ್ಚಿದ ಬೋರಾಕ್ಸ್ ಥರದ ಬೋರೇಟ್ ನೀರಲ್ಲಿ ಕರಗುವ ಉಪ್ಪು; ನೀರಿನ ಜೊತೆ ಒಳಗೆ ಹೋದದ್ದು ನೀರಿನ ಜೊತೆಗೇ ಹೊರಗೆ ಬರುತ್ತೆ. ಕಪಾಟು ಒಣಗಿರುತ್ತೆ, ಅದಕ್ಕೇ ಉಳೀತು. ಒಳಗಿನ ಮರಕ್ಕೆ ನಾನು ಈಗಲೂ ಬೋರೇಟನ್ನೇ ಹಚ್ಚೋದು.

ಸಿಸಿಎ ಹಾಗಲ್ಲ. ಅದರಲ್ಲಿರೋ ಕ್ರೋಮಿಯಂ ಉಳಿದೆರಡನ್ನು, ಅಂದರೆ ತಾಮ್ರ ಮತ್ತು ಆರ್ಸೆನಿಕ್ಕನ್ನು, ಮರದ ನಾರಿಗೆ ಕಚ್ಚಿಸುತ್ತೆ. ನಮ್ಮ ದೇಶದ ಸೊಂಟಿ ಕಾಮೇಶಂ 1933ರಲ್ಲಿ ಕಂಡುಹಿಡಿದ ಮದ್ದು, ಮಣ್ಣಲ್ಲಿ ದಶಕಗಳ ಕಾಲ ನಿಂತಿದೆ. ಆದರೆ ಬ್ರಷ್‌ನಲ್ಲಿ ಹಚ್ಚೋದಲ್ಲ. ಸಿಲಿಂಡರಿಗೆ ಹಾಕಿ ಒತ್ತಡದಲ್ಲಿ ತುಂಬಿಸಿದ ಮರವನ್ನೇ ತರಬೇಕು. ತುಂಡುಗಳನ್ನು ಒಲೆಗೆ ಹಾಕಲೇಬೇಡಿ, ಹೊಗೆ, ಬೂದಿ ಎರಡರಲ್ಲೂ ಆರ್ಸೆನಿಕ್ ಇರುತ್ತೆ. ಆರ್ಸೆನಿಕ್ ಬೇಡ ಅಂದರೆ ಎಸಿಕ್ಯೂ ಅನ್ನೋ ತಾಮ್ರದ ಔಷಧಿ ತುಂಬಿಸಿದ ಮರ ಇದೆ. ಅದರ ತಾಮ್ರ ಮಾಮೂಲಿ ಮೊಳೆಯನ್ನು ತಿನ್ನುತ್ತೆ, ಸ್ಟೇನ್‌ಲೆಸ್ ಹೊಡೀರಿ.

ಇಂಜಿನ್ ಆಯಿಲ್ ಬಿಡಿ. ಮೇಲ್ಮೈ ಕಪ್ಪಾಗುತ್ತೆ, ಮಣ್ಣು ಕೆಡುತ್ತೆ, ಅಷ್ಟೇ.

ಗೂಟ:
ಕ್ಲೋರ್‌ಪೈರಿಫಾಸ್ ನರಕ್ಕೆ ಹೊಡೆಯುವ ವಿಷ, ಎಷ್ಟೋ ದೇಶಗಳಲ್ಲಿ ನಿರ್ಬಂಧ ಇದೆ. ಮಣ್ಣಿಗೆ ಹಾಕೋದಾದರೆ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ನೋಡಿ. ಬೈಫೆಂತ್ರಿನ್ ಅನ್ನೋ ಇನ್ನೊಂದು ಔಷಧಿ ಹಾಕಿದ್ದು ಗೆದ್ದಲಿಗೆ ಗೊತ್ತಾಗುತ್ತೆ, ಔಷಧಿ ಬೀಳದ ಸಂದು ಹುಡುಕಿ ನುಗ್ಗುತ್ತೆ. ಇಮಿಡಾಕ್ಲೋಪ್ರಿಡ್ ಗೊತ್ತಾಗಲ್ಲ, ಅದರಲ್ಲೇ ಓಡಾಡಿ ಮೈಗೆ ಮೆತ್ತಿಕೊಂಡು ಜೊತೆಯವಕ್ಕೂ ಹಂಚುತ್ತೆ. ಬಾವಿ ಹತ್ತಿರ ಇದ್ದರೆ ಯಾವುದನ್ನೂ ಸುರಿಯಬೇಡಿ.

ಉಳಿಸುತ್ತಿಗೆ:
ಬಾವಿ ಹತ್ತೇ ಅಡಿ ದೂರ, ಹಾಗಾಗಿ ಮಣ್ಣಿಗೆ ಏನೂ ಹಾಕಲಿಲ್ಲ. ಕಂಬ ಕಿತ್ತೆ: ಹೊರಗಿನ ಬಿಳಿ ಭಾಗ ಪೂರ್ತಿ ಟೊಳ್ಳು, ಕೆಚ್ಚು ಹಾಗೇ ಇದೆ. ಒತ್ತಡದಲ್ಲಿ ಔಷಧಿ ತುಂಬಿಸಿದ ಕಂಬ ತಂದು, ಕಾಂಕ್ರೀಟಿನ ಮೇಲೆ ಕಂಬದ ಬುಡ ಹಿಡಿಯುವ ಕಬ್ಬಿಣದ ಶೂ ಕೂರಿಸಿ, ನೆಲದಿಂದ ಗೇಣೆತ್ತರಕ್ಕೆ ನಿಲ್ಲಿಸಿದೆ. ಗೆದ್ದಲು ಹತ್ತಿದರೂ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತೆ. ಉಳಿದ ಮೂರನ್ನು ಈ ಭಾನುವಾರ ಕೀಳ್ತೀನಿ.