ತೊಗರಿ ಬೀಜದ ತಾಕು: ಬಾಜೂ ಹೊಲ 60 ಮೀಟರ್‌ದಾಗ ಅದ, ಪಾಸ್ ಆಗ್ತದೇನ್ರಿ?

ಕಾಗಿಣಾ ದಂಡಿ:
ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ಚಿತ್ತಾಪುರ ತಾಲ್ಲೂಕು. ಈ ವರ್ಷ ಮೊದಲ ಸಲ ಬೀಜೋತ್ಪಾದನೆಗೆ ನೋಂದಣಿ ಮಾಡ್ಸೀನಿ. ಬಿಳಿ ಚೀಟಿ ಇರೋ ಫೌಂಡೇಶನ್ ಬೀಜ (ಪ್ರಮಾಣಿತ ಬೀಜ ಬೆಳೀಲಿಕ್ಕೆ ಬಿತ್ತೋ ಮೂಲ ಬೀಜ) ತಂದು, ಟಿಎಸ್-3ಆರ್ ಅನ್ನೋ ತೊಗರಿ ತಳಿ ನಾಲ್ಕು ಎಕರೆ ಬಿತ್ತೀನಿ. ಆಮ್ಯಾಲ ಪಡುವಣ ಬಾಜೂ ಕಾಕಾನೂ ಮನ್ಯಾಗಿಟ್ಟ ಬೀಜದ ತೊಗರಿ ಹಾಕ್ಯಾರ. ನಡುವ ಉದ್ದಿನ ಹೊಲ ಅಷ್ಟೇ. ಅಳದ್ರ 60 ಮೀಟರ್ ಬಂತು. ಹೂ ಬಿಡ್ಲಿಕ್ಕೆ ಮೂರು ವಾರ ಅದ. ತೊಗರಿ ತನ್ನ ಪರಾಗದಿಂದನೇ ಕಾಯಿ ಕಟ್ತದಂತಾರ, ಮತ್ತ ದೂರ ಯಾಕ ಬೇಕ್ರಿ?

ಆಳಂದ ರೈತ:
ಅಂಚಿಗೆ ನಾಲ್ಕು ಸಾಲು ಜೋಳ ಹಾಕಿಬಿಡ್ರಿ, ಸಾಕು.

ಬೀಜದ ಹೊಲ:
ಜೋಳ ಜೇನಿಗೆ ಅಡ್ಡ ಆಗಂಗಿಲ್ರಿ. ತಮ್ಮಾ, ತೊಗರಿ ಪೂರಾ ಸ್ವಪರಾಗದ ಬೆಳಿ ಅಲ್ಲ. ಮುಂಜಾನಿ ಹೊಲಕ್ಕ ಹೋಗಿ ನಿಂತು ನೋಡು, ದುಂಬಿ, ಜೇನು ಎಷ್ಟು ಆಡ್ತಾವ. ಅದಕ್ಕೇ ಪ್ರಮಾಣಿತ ಬೀಜಕ್ಕ (ತಪಾಸಣಿ ಮಾಡಿ ಸರ್ಟಿಫಿಕೇಟ್ ಕೊಡೋ ಬೀಜ) ಬ್ಯಾರೆ ತೊಗರಿಯಿಂದ 100 ಮೀಟರ್ ದೂರ ಕೇಳ್ತಾರ. ತನ್ನ ಪರಾಗದಿಂದನೇ ಕಾಳು ಕಟ್ಟೋ ಭತ್ತಕ್ಕ 3 ಮೀಟರ್ ಸಾಕು. ಕಾಕಾಂದೂ ಟಿಎಸ್-3ಆರ್ ಇದ್ದು ಬೆರಕಿ ಇಲ್ಲದ್ದಾದ್ರ ಮಾತು ಬ್ಯಾರೆ, ಮನಿ ಬೀಜದಾಗ ಆ ಭರೋಸಾ ಇಲ್ಲ.

ಮುಚ್ಚಿಡಬ್ಯಾಡ. ಬೀಜ ಪ್ರಮಾಣನದವರು ಹೂವಿನ ಮೊದಲಿನ ತಪಾಸಣಿಗೆ ಬಂದಾಗ ನೀನೇ ತೋರ್ಸು. ಪಡುವಣ ಕಡಿ 40 ಮೀಟರ್ ಪಟ್ಟಿ ಬಿಟ್ಟು, ಉಳಿದದ್ದಷ್ಟೇ ಬೀಜಕ್ಕ ತಗೋತೀರೇನು ಅಂತ ಕೇಳು. ಒಪ್ಪಿದ್ರ ಆ ಪಟ್ಟಿ ಬ್ಯಾರೆ ಕೊಯ್ದು ಬ್ಯಾಳಿಗೆ ಮಾರು.

ಆಮ್ಯಾಲ ಬೆರಕಿ ಗಿಡ, ಅಂದ್ರ ನಿನ್ನ ತಳಿಗೆ ಹೊಂದದ ಗಿಡ. ಸಾವಿರಕ್ಕ ಎರಡರ ಮ್ಯಾಲೆ ಇರಬಾರ್ದು. ಹೂವಿನ ಬಣ್ಣ, ಕಾಯಿ ಮ್ಯಾಲಿನ ಗೆರಿ, ಎತ್ತರ ನೋಡಿ ಬುಡಸಮೇತ ಕೀಳು. ನಮ್ಮನಿಯಾಕಿ ಸಾಲು ಹಿಡಿದು ನಡದ್ರ ಒಂದೂ ತಪ್ಪಸಂಗಿಲ್ಲ, ನನಗಿಂತ ಆಕಿ ಕಣ್ಣು ಚುರುಕು.

ನನ್ನ ಮಾಲು ಒಂದು ವರ್ಷ ಹೊಲದಾಗ ಪಾಸಾಗಿ ರಾಶಿ ಕಣದಾಗ ಕೆಟ್ಟಿತ್ತು. ಬಾಡಿಗಿ ಯಂತ್ರ ಹಿಂದಿನ ದಿನ ಬಿಳಿ ತೊಗರಿ ರಾಶಿ ಮಾಡಿ ಬಂದಿತ್ತು, ನಾ ಒಳಗ ನೋಡ್ಲಿಲ್ಲ. ಕೆಂಪು ಕಾಳಿನಾಗ ಬಿಳಿ ಕಾಳು. ರಾತ್ರಿ ಕುಂತು ಆರಿಸಿದ್ರೂ ಮುಗೀಲಿಲ್ಲ. ಈಗ ಮೊದಲ ಒಂದು ಚೀಲ ಓಡಿಸಿ ಬದಿಗಿಡ್ತೀನಿ. ಚೀಲನೂ ಹೊಸಾವೇ.

ಕಾಗಿಣಾ ದಂಡಿ:
ತಿಳೀತ್ರಿ ಅಣ್ಣಾರ. ಮೊಳಕಿ ಎಷ್ಟು ಬರಬೇಕ್ರಿ?

ಬೀಜದ ಹೊಲ:
ನೂರಕ್ಕ 75. ತ್ಯಾವ ನೂರಕ್ಕ 9ರ ಒಳಗ ಇರ್ಲಿ, ಅದಕ್ಕ ಚಲೋ ಒಣಗಿಸು. ಕಾಕಾಗೂ ಮುಂದಿನ ವರ್ಷಕ್ಕ ನಿನ್ನ ಬೀಜನೇ ಕೊಡ್ತೀನಂತ ಈಗಲೇ ಹೇಳಿಡು.

ಕಾಗಿಣಾ ದಂಡಿ:
ಸಂಜಿಗೇ ಹೋಗಿ ಮಾತಾಡ್ತೀನ್ರಿ.